ಹುಣಸೆಬೀಜದ ಮಹಾಶೋಧನೆ

ಕೊಪ್ಪಳದಲ್ಲಿ ಕಲೆ, ತಂತ್ರಜ್ಞಾನ, ಸಮಾಜ ಮೂರನ್ನೂ ಬೆರೆಸುವ ಸಂಶೋಧನಾಲಯವೊಂದರ ಚರಿತ್ರೆ ಬರೆದುಕೊಟ್ಟ ಪುಣ್ಯಾತ್ಮ ನಾನೇ. ಅವರ ಮಹಾಶೋಧನೆ ಹುಣಸೆಬೀಜದ ಅಂಟು. ಕಿನ್ನಾಳದ ಗೊಂಬೆಗಾರರು ತಲೆತಲಾಂತರದಿಂದ ಅರೆಯುತ್ತಿರುವುದೂ ಅದನ್ನೇ. ಸಂಶೋಧನಾಲಯದಲ್ಲಿ ಅದನ್ನು ಅರೆಯುತ್ತಿದ್ದ ಗೊಂಬೆಗಾರ ವೀರಣ್ಣನ ಹೆಸರು ಎಲ್ಲಿ ಹಾಕಲಿ ಎಂದು ನಿರ್ದೇಶಕರನ್ನು ಕೇಳಿದೆ.

“ಅವ ಸಮಾಜದ ವಿಭಾಗದಾಗ ಬರ್ತಾನ್ರಿ. ಸಮಾಜಕ್ಕ ಹೆಸರು ಎಲ್ಲೈತಿ?” ಅಂದರು.

ಪುಸ್ತಕದ ಬಿಡುಗಡೆ ಸಮಾರಂಭದಲ್ಲಿ ನಿರ್ದೇಶಕರೇ ಅಂಟು ಅರೆದು ತೋರಿಸುತ್ತಾರೆ ಎಂದು ಕೊನೆಯ ಪುಟದಲ್ಲಿ ಸೇರಿಸಿಬಿಟ್ಟೆ. ತಮ್ಮ ಫೋಟೋ ದಾಟಿ ಅವರು ಓದಲೇ ಇಲ್ಲ.

ಅತಿಥಿಗಳು ಓದಿದರು, ಬೀಜ ತರಿಸಿದರು. ನಿರ್ದೇಶಕರು ಅರೆಯಹೋದರೆ ಒಣಬೀಜಗಳು ಸಿಡಿದು ಅತಿಥಿಗಳ ಮಡಿಲಿಗೇ ಬಿದ್ದವು.

“ವೀರಣ್ಣಾ, ಲಗೂನ ಬಾರೋ!” ಎಂದು ಮೈಕಿನಲ್ಲೇ ಕೂಗಿದರು.

“ನಿನ್ನೇನ ನೆನಿ ಹಾಕಬೇಕಿತ್ರಿ ಸಾಹೇಬ್ರ,” ಅಂದ ವೀರಣ್ಣ.

ಚರಿತ್ರೆಗೆ ಸೇರದ ಹೆಸರು ಸಭೆಗೆಲ್ಲ ಕೇಳಿಸಿತು. ಎರಡನೇ ಮುದ್ರಣಕ್ಕೆ ಮಾತ್ರ ನನ್ನನ್ನು ಇನ್ನೂ ಕರೆದಿಲ್ಲ.