ಅಕ್ಕ ಅರ್ಧಕ್ಕೆ ಬಿಟ್ಟ ಪದ

ಆ ದಿನ ಬೆಳಿಗ್ಗೆ ಅಕ್ಕ ಮೊದಲ ಸಲ ಸಮುದ್ರ ನೋಡಿದಳು. ‘ಇಷ್ಟು ನೀರದ, ಒಂದು ಕುರಿನೂ ಕುಡಿಯಂಗಿಲ್ಲ ನೋಡು’ ಎಂದಳು.

ನನ್ನ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಅವಳನ್ನು ನೋಡಲು ನಾವಿಬ್ಬರೂ ಹೋಗಿದ್ದೆವು. ಅಕ್ಕನದು ತೆಲಂಗಾಣದ ಗಡಿಯಲ್ಲಿ ನ್ಯಾಲ್ಕಲ್ ಕಡೆಯ ಹಳ್ಳಿ. ಕುರಿ ಮತ್ತು ತೊಗರಿ ಹೊಲದ ಬದುಕು. ನಾನು ಹತ್ತನೇ ತರಗತಿ ಓದಿ ಜಹೀರಾಬಾದಿನಲ್ಲಿ ಅಂಗನವಾಡಿ ಟೀಚರ್ ಆದವಳು. ಅಷ್ಟಕ್ಕೇ, ಊರು ಬಿಟ್ಟು ಹೊರಟರೆ ಅಕ್ಕನ ಸೆರಗು, ಚಪ್ಪಲಿ, ಮಾತು ಎಲ್ಲವನ್ನೂ ನೆಟ್ಟಗೆ ಮಾಡುವ ಹೊಣೆ ನನ್ನದು ಎಂದುಕೊಳ್ಳುತ್ತಿದ್ದೆ.

ಸಂಜೆ ಮಗಳು ನಮ್ಮನ್ನು ಒಂದು ಹಳೆಯ ಹೆಂಚಿನ ಮನೆಗೆ ಕರೆದೊಯ್ದಳು. ಅಲ್ಲಿ ಒಬ್ಬ ಹುಡುಗಿ ತಾನೇ ಕಟ್ಟಿದ ಪದಗಳನ್ನು ಹಾಡುತ್ತಾಳಂತೆ. ಮೈಕಿಲ್ಲ, ವೇದಿಕೆಯಿಲ್ಲ, ಮೂವತ್ತು ಮಂದಿ ಇದ್ದರೆ ಹೆಚ್ಚು. ಎಲ್ಲರ ಫೋನನ್ನೂ ಬಂದ್ ಮಾಡಿಸಿದರು. ಅಕ್ಕ ಚಾಪೆಯ ಅಂಚು ಎತ್ತಿ ನೆಲದ ಹಾಸುಗಲ್ಲು ಸವರಿ ನೋಡಿದಳು.

‘ಇದು ನಮ್ಮ ಕಡೆ ತಾಂಡೂರ್ ಕಲ್ಲು ನೋಡವ್ವ. ನಮಗಿಂತ ಮೊದಲ ಬಂದು ಕುಂತದ.’

‘ಅದರ ಹತ್ರ ಟಿಕೆಟ್ ಅದ ಏನ್ ಕೇಳು, ದೊಡ್ಡವ್ವ’ ಎಂದು ಮಗಳು ನಕ್ಕಳು.

ನಮ್ಮ ಕಡೆಯ ಒಂದು ರೂಢಿಯನ್ನು ನಿಮಗೆ ಹೇಳಬೇಕು. ಹೊಲದಲ್ಲಿ ಕಳೆ ತೆಗೆಯುವಾಗ ಒಬ್ಬಳು ಒಂದು ಸಾಲು ಹಾಡಿದರೆ ಉಳಿದವರು ಅದನ್ನು ಎತ್ತಿಕೊಳ್ಳಬೇಕು, ಅದನ್ನೇ ಮತ್ತೆ ಹಾಡಬೇಕು. ಎತ್ತಿಕೊಂಡ ಮೇಲೆ, ಯಾರಿಗೆ ಹೊಳೆಯುತ್ತದೋ ಅವಳು ತನ್ನದೊಂದು ಮಾತು ಕೂಡಿಸುತ್ತಾಳೆ. ಸುಮ್ಮನೆ ಕೇಳುತ್ತ ಕುಳಿತರೆ, ಜೊತೆಗೆ ಬಂದವಳನ್ನು ಹಿಂದೆ ಬಿಟ್ಟು ನಮ್ಮ ಸಾಲಿನ ಕಳೆ ಮುಗಿಸಿಕೊಂಡು ಹೋದಂತೆ. ಅದು ಮರ್ಯಾದೆಯಲ್ಲ.

ಹುಡುಗಿ ಗಿಟಾರ್ ಮೀಟುತ್ತ ಕಣ್ಣು ಮುಚ್ಚಿ ಹಾಡಿದಳು: ‘ಹೊಳೆಯೊಂದು ಕಡಲಿಗೆ ಬಂದು ಹೆಸರು ಮರೆಯಿತು.’ ಸಾಲು ಮುಗಿಸಿ ಸ್ವಲ್ಪ ತಡೆದಳು. ಯಾರೂ ಮಿಸುಕಲಿಲ್ಲ. ಅಕ್ಕ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು, ಈ ಮಂದಿಗೆ ಏನಾಗಿದೆ ಎಂಬಂತೆ. ಆಮೇಲೆ ತಾನೇ ಎತ್ತಿಕೊಂಡಳು, ಮೂರು ಹೊಲದಾಚೆಗೆ ಕೇಳಿಸುವ ದನಿಯಲ್ಲಿ. ಎಲ್ಲರೂ ತಿರುಗಿದರು. ಹುಡುಗಿ ಕಣ್ಣು ತೆರೆದಳು, ಬೆರಳು ನಿಲ್ಲಿಸಲಿಲ್ಲ. ಅಕ್ಕ ತನ್ನದು ಕೂಡಿಸಿದಳು:

‘ಹೆಸರ ಮರತರ ಮರೀಲಿ ನಮ್ಮ ಹೊಳಿ,
ಕುರಿ ಕುಡಿದ ನೀರ...’

ನಾನು ಅವಳ ಸೆರಗು ಜಗ್ಗಿದೆ. ‘ಅಕ್ಕ, ಸುಮ್ಮ ಕೂಡು. ಮಂದಿ ನೋಡಾಕತ್ತಾರ.’

ಹದಿನೆಂಟು ವರ್ಷ ಮಕ್ಕಳ ಬಾಯಿ ಮುಚ್ಚಿಸಿ ಪಳಗಿದ ದನಿ ನನ್ನದು. ಅಕ್ಕ ನಿಲ್ಲಿಸಿದಳು.

‘ಮುಂದೆ ಹೇಳಿ ಅಮ್ಮಾ, ಆ ನೀರು ಏನಾಯ್ತು?’ ಹುಡುಗಿ ಕೇಳಿದಳು.

ಅಕ್ಕ ನನ್ನ ಮುಖ ನೋಡಿದಳು. ‘ಇಲ್ರಿ, ನೀವು ಹಾಡ್ರಿ. ನಂಗ ಇಲ್ಲಿ ರೀತಿ ಗೊತ್ತಿಲ್ರಿ’ ಎಂದಳು. ಆಮೇಲೆ ಕೊನೆಯವರೆಗೂ ಕೈ ಕಟ್ಟಿಕೊಂಡು, ನನಗೆ ಬೇಕಾದಂತೆ ಕುಳಿತಳು.

ಹಿಂದಿರುಗುವಾಗ ಬಸ್ಸಿನಲ್ಲಿ, ಮುಂದಿನ ಮಾತು ಏನಿತ್ತೆಂದು ಕೇಳಿದೆ.

‘ಈಗ ಕೇಳ್ತಿ ಏನ್, ಟೀಚರವ್ವ? ಕಳೆ ತೆಗ್ಯಾಕ ಬಾ, ಹೊಲದಾಗ ಹೇಳ್ತೀನಿ. ಅಲ್ಲಿ ಮಂದಿ ನೋಡಂಗಿಲ್ಲ.’

ಇಬ್ಬರೂ ನಕ್ಕೆವು.

ಊರು ಮುಟ್ಟಿದ ಮೂರನೆಯ ದಿನ ಅಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು; ಮಾತೂ ಹೋಯಿತು. ಒಂದೂವರೆ ತಿಂಗಳು ಹಾಸಿಗೆಯಲ್ಲಿದ್ದಳು. ಒಮ್ಮೆ ಅವಳ ಕಿವಿಯ ಹತ್ತಿರ ಬಾಗಿ ಆ ಪದ ಹಾಡಿ, ‘ಕುರಿ ಕುಡಿದ ನೀರ’ ಎಂಬಲ್ಲಿ ನಿಲ್ಲಿಸಿದೆ. ತುಟಿಗಳು ಅಲುಗಿದವು. ದನಿ ಬರಲಿಲ್ಲ. ಅವಳ ಕಣ್ಣು ತುಂಬಿದ್ದು ನೋಡಿ ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಆಮೇಲೆ ಅವಳೂ ಹೋದಳು.

ಈ ಮಳೆಗಾಲ ರಜೆ ಹಾಕಿ ಅಕ್ಕನ ಹೊಲಕ್ಕೆ ಕಳೆ ತೆಗೆಯಲು ಹೋದೆ. ನನ್ನ ಕೈಗೆ ಆ ಕೆಲಸ ಮರೆತುಹೋಗಿದೆ; ಕಳೆಗಿಂತ ತೊಗರಿಯನ್ನೇ ಹೆಚ್ಚು ಕಿತ್ತಿರಬೇಕು. ಅಕ್ಕನ ಜೊತೆಗಾತಿ ಶರಣಮ್ಮ ಪಕ್ಕದ ಸಾಲಿನಲ್ಲಿದ್ದಳು. ಸೆರಗು ಜಗ್ಗಿದ್ದನ್ನು ಮೊದಲ ಸಲ ಅವಳ ಮುಂದೆ ಹೇಳಿದೆ.

ಅವಳು ಕಳೆ ತೆಗೆಯುವ ಕುರ್ಪಿ ಕೆಳಗಿಟ್ಟಳು. ‘ಅದೆಲ್ಲ ಆಕಿ ಹೇಳಿಲ್ಲವ್ವ. ಮಂಗಳೂರಾಗ ಹಾಡಿ ಬಂದೀನಿ ಅಂತ ಊರ ತುಂಬ ಹೇಳ್ಯಾಳ, ಅಷ್ಟೇ.’

‘ಪದದ ಮುಂದಿನದು ಹೇಳಿದಳೇನ್?’

‘ಕೇಳಿದ್ವಿ. ತಂಗಿ ಬರ್ಲಿ, ಆಕಿ ಎತ್ತಿಕೊಂಡ ಮ್ಯಾಲೆ ಹೇಳ್ತೀನಿ ಅಂದಳು.’

ನಾನು ಎದ್ದು ನಿಂತು ಹಾಡಿದೆ. ದನಿ ಬದುವಿನವರೆಗೆ ಕೇಳಿಸಿತು. ಶರಣಮ್ಮ ಎತ್ತಿಕೊಂಡಳು, ಉಳಿದವರೂ ಎತ್ತಿಕೊಂಡರು. ‘ಕುರಿ ಕುಡಿದ ನೀರ’ ಎಂಬಲ್ಲಿಗೆ ಬಂದು ಎಲ್ಲರೂ ನಿಂತೆವು.

ಅದರ ಮುಂದಿನ ಮಾತು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ.