ಶಾಲೆಯೆದುರಿನ ಒಂದು ರೂಮು

ಮೊನ್ನೆ ಮಗಳು ಚಿಕ್ಕಬಳ್ಳಾಪುರದಿಂದ ಒಂದು ಫೋಟೋ ಕಳಿಸಿದಳು. ಖಾಲಿ ಬಾಡಿಗೆ ಮನೆ; ಕಿಟಕಿಯಾಚೆ ಶಾಲೆಯ ಕಾಂಪೌಂಡು. ಹಿಂದೆಯೇ ಫೋನು: "ಅಮ್ಮ, ಪಾಪು ಸ್ಕೂಲಿಗೆ ಎರಡೇ ನಿಮಿಷ. ರೂಮು ಒಂದೇ, ಬಾಡಿಗೆ ಜಾಸ್ತಿ. ಇವ್ರು ಚಿಂತಾಮಣಿಲೇ ಇದ್ದು ವಾರಕ್ಕೊಂದ್ಸಲ ಬಂದು ಹೋಗ್ತಾರೆ. ಏನ್ ಮಾಡ್ಲಿ ಹೇಳು." ನನ್ನ ಕೈಯಲ್ಲಿದ್ದ ಕಾಫಿ ಹಾಗೇ ಆರಿಹೋಯಿತು.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ದಿಬ್ಬೂರಹಳ್ಳಿ ಕಡೆ ಆಗ ನಮಗೆಲ್ಲ ಒಂದು ಗೀಳು ಹತ್ತಿತ್ತು. ಮಗುವಿಗೆ ಶಾಲೆಯ ವಯಸ್ಸಾಯಿತೆಂದರೆ ತಾಯಿ, ಮಗು ಶಿಡ್ಲಘಟ್ಟದಲ್ಲಿ ರೂಮು ಮಾಡುವುದು. ತಂದೆ ಊರಲ್ಲೇ ಉಳಿದು ರೇಷ್ಮೆ ಹುಳು ನೋಡಿಕೊಳ್ಳುವುದು. ಅಕ್ಕಪಕ್ಕದವರೆಲ್ಲ ಹೊರಟ ಮೇಲೆ ನಾನು ಸುಮ್ಮನಿರುವ ಹೆಂಗಸೇ?

ಬಸ್ ಸ್ಟ್ಯಾಂಡಿನ ಹಿಂದೆ ಒಳ್ಳೆಯ ಮನೆ ಸಿಕ್ಕಿತು. ಎರಡು ರೂಮು, ನಡುಮನೆ, ಹಿತ್ತಲಲ್ಲಿ ನಲ್ಲಿ. ಅದೇ ಬಾಡಿಗೆಗೆ ಶಾಲೆಯೆದುರು ಸಿಗುತ್ತಿದ್ದದ್ದು ಒಂದು ರೂಮು, ಒಲೆಗೊಂದು ಮೂಲೆ. ಮುಂಚೆ ಅಲ್ಲಿ ಹಸು ಕಟ್ಟುತ್ತಿದ್ದರಂತೆ. ಶಾಲೆಗೆ ಹೆಸರು ಬಂದ ಮೇಲೆ ಸುಣ್ಣ ಹೊಡೆಸಿ, ಹಸುವನ್ನು ಹೊರಗೆ ಕಳಿಸಿ, ನಮ್ಮಂಥವರನ್ನು ಕಟ್ಟತೊಡಗಿದ್ದರು. "ಒಲೆ ಮುಂದೆ ಕೂತ್ಕಂಡೇ ಟೀಚರ್ ಪಾಠ ಕೇಳುಸ್ಕೋಬೋದಮ್ಮ. ನೀನ್ ಬೇಡ ಅಂದ್ರೆ ನಾಳೆ ಬರೋರು ಅವ್ರೆ" ಎಂದಳು ಮನೆಯೊಡತಿ.

ನಮ್ಮವರು ಮೆಲ್ಲಗೆ ಅಂದರು: "ಬಸ್ ಸ್ಟ್ಯಾಂಡ್ ಮನೇನೇ ಇರ್ಲಿ ಕಣೇ. ಸಂಜೆ ಬಂದು ಮಲ್ಗಿದ್ದು ಬೆಳಿಗ್ಗೆ ಫಸ್ಟ್ ಬಸ್ಸಿಗೆ ಹೋಗ್ತೀನಿ."

"ಮಗು ಅಷ್ಟು ದೂರ ನಡೀಬೇಕಾ? ನಿಮ್ಗೆ ನಿದ್ದೆ ಮುಖ್ಯನಾ, ಅವಳ ಓದು ಮುಖ್ಯನಾ?"

ಓದಿನ ಹೆಸರೆತ್ತಿದರೆ ಅವರು ಮರುಮಾತಾಡುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಶಾಲೆಯೆದುರಿನ ರೂಮನ್ನೇ ಹಿಡಿದೆ. ಹಾಗಾಗಿ ಅವರು ಭಾನುವಾರದ ಗಂಡನಾದರು. ಟೊಮೇಟೊ, ಸೊಪ್ಪು ಹೊತ್ತು ಬರುವರು. ಮೂವರೂ ಉಂಡು ಕೂತರೆ ರೂಮು ಭರ್ತಿ. "ಹುಳುಗೆ ಸೊಪ್ಪು ಹಾಕ್ಬೇಕು" ಎಂದು ಸಂಜೆಯ ಬಸ್ಸಿಗೆ ಎದ್ದುಬಿಡುವರು. ಮಗಳು ನೆಂಟರ ಲೋಟದಲ್ಲಿ ನೀರು ತಂದುಕೊಟ್ಟು, "ಮತ್ತೆ ಯಾವಾಗ ಬರ್ತೀಯಪ್ಪ?" ಎನ್ನುವಳು. "ಸ್ಕೂಲಲ್ಲಿ ಎಷ್ಟು ಮರ್ಯಾದೆ ಕಲಿಸವ್ರೆ ನೋಡಿ!" ಎಂದು ನಾನು ಬೀಗುತ್ತಿದ್ದೆ.

ಮಗಳು ಚೆನ್ನಾಗಿಯೇ ಓದಿದಳು, ಸುಳ್ಳು ಹೇಳಬಾರದು. ಬಸ್ ಸ್ಟ್ಯಾಂಡ್ ಕಡೆಯ ಮಕ್ಕಳೂ ದಿನಾ ನಡೆದು ಬಂದು ಅಷ್ಟೇ ಚೆನ್ನಾಗಿ ಓದಿದರು. ಅವಳು ಪ್ರೈಮರಿ ಮುಗಿಸಿ ಹಾಸ್ಟೆಲ್ ಸೇರಿದ ಮೇಲೆ ನಾನು ಊರಿಗೆ ಮರಳಿದೆ. ಅಷ್ಟರಲ್ಲಿ ನಮ್ಮವರ ಹಾಸಿಗೆ ಹುಳು ಸಾಕುವ ಮನೆಯ ಜಗಲಿಗೆ ಹೋಗಿತ್ತು. "ಅಭ್ಯಾಸ ಆಗೋಗೈತೆ, ಇರ್ಲಿ ಬಿಡು" ಎಂದರು. ಕೋಪವಿರಲಿಲ್ಲ. ಕೋಪವಾದರೂ ಇದ್ದಿದ್ದರೆ ಜಗಳವಾಡಿ ಸರಿಮಾಡಿಕೊಳ್ಳುತ್ತಿದ್ದೆ. ಆ ಹಾಸಿಗೆ ಇವತ್ತಿಗೂ ಒಳಗೆ ಬಂದಿಲ್ಲ.

ಮಗಳಿಗೆ ಹೇಳಿದೆ: "ಸ್ಕೂಲು ದೂರ ಆದ್ರೂ ಪರ್ವಾಗಿಲ್ಲ ಕಣಮ್ಮ. ನಿನ್ ಗಂಡ ಕಾಲು ಚಾಚಿ ಮಲ್ಗೋಕೆ ಜಾಗ ಐತಾ ನೋಡ್ಕೋ."

"ಅಯ್ಯೋ, ಸ್ಕೂಲ್ ವಿಷ್ಯ ಕೇಳಿದ್ರೆ ಹಾಸಿಗೆ ವಿಷ್ಯ ಮಾತಾಡ್ತೀಯಲ್ಲಮ್ಮ!" ಎಂದು ನಕ್ಕು ಫೋನಿಟ್ಟಳು. ಅವಳು ಯಾವ ಮನೆ ಹಿಡಿಯುತ್ತಾಳೋ, ನನಗೆ ಗೊತ್ತಿಲ್ಲ.

ಅವತ್ತು ರಾತ್ರಿ ಊಟವಾದ ಮೇಲೆ ಚಾಪೆ ಸುತ್ತಿಕೊಂಡು ಜಗಲಿಗೆ ಹೋದೆ. ಅವರು ಗಾಬರಿಯಿಂದ ಎದ್ದು ಕೂತರು.

"ಏನಾಯ್ತೇ?"

"ಏನಿಲ್ಲ. ಇಲ್ಲೇ ಮಲಗ್ತೀನಿ."

"ಸೊಳ್ಳೆ ಕಣೇ. ನಿಂಗೆ ನಿದ್ದೆ ಬರಲ್ಲ."

"ಬರ್ದಿದ್ರೆ ಬೇಡ ಬಿಡಿ" ಎಂದು ಚಾಪೆ ಹಾಸಿದೆ.

ಅವರು ಸರಿದರು. ಸರಿದು ಸರಿದು ಗೋಡೆಗೆ ಅಂಟಿಕೊಂಡು ಮಲಗಿದರು. ಅಷ್ಟೊಂದು ಜಾಗ ನನಗೆ ಬೇಕಿರಲಿಲ್ಲ.