ಟೈಲರ್ ಅಕ್ಕನ ಮಂಡಿ

ಮೋಸಂಬಿ ಸಿಪ್ಪೆಯ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರಬಹುದು. ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ, ಮಂಡಿ ಆಪರೇಷನ್ ಆದ ಹೆಂಗಸೊಬ್ಬರ ಮಂಚದ ಸುತ್ತ ನೆಂಟರು ಕೂತು ಮೋಸಂಬಿ ಸುಲಿಯುತ್ತಿದ್ದರು. ವ್ಯಾಯಾಮ ಮಾಡಿಸಲು ಹೋದ ನನಗೆ ಒಬ್ಬರು, "ಈಗ ಬ್ಯಾಡ್ರೀ, ನಾವು ಮಾತಾಡ್ಸಿ ಹೋಗ್ತೀವಿ" ಅಂದರು. ಸೊರಬದ ನಮ್ಮ ಎದುರುಮನೆಯ ಟೈಲರ್ ಅಕ್ಕ ಕಣ್ಣಮುಂದೆ ಬಂದಳು...

ನನ್ನ ಶಾಲೆಯ ಯೂನಿಫಾರ್ಮುಗಳನ್ನೆಲ್ಲ ಹೊಲಿದವಳು ಅವಳೇ. ಫಿಸಿಯೋಥೆರಪಿಗೆ ಸೇರಿದಾಗ ಬಿಳಿ ಏಪ್ರನ್ ಹೊಲಿದುಕೊಟ್ಟು, "ಇದೇನೇ ಓದು, ಕಾಲು ಒತ್ತೋದಕ್ಕೂ ಕಾಲೇಜಾ?" ಎಂದು ನಗಾಡಿದ್ದಳು. ಅವಳ ಮೆಷಿನ್ನಿನ ಸದ್ದು ಕೇಳದೆ ನಮ್ಮ ಬೀದಿಯಲ್ಲಿ ಬೆಳಗಾಗುತ್ತಿರಲಿಲ್ಲ.

ನಾನು ಕೊನೆಯ ವರ್ಷದಲ್ಲಿದ್ದಾಗ ಅವಳು ಗುಡವಿ ಕಡೆಯಿಂದ ಬರುತ್ತಾ ಸ್ಕೂಟರಿನಿಂದ ಬಿದ್ದು ಬಲಗಾಲಿನ ಮಂಡಿಚಿಪ್ಪು ಒಡೆದುಕೊಂಡಳು. ಆಪರೇಷನ್ ಮುಗಿಸಿ ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದ್ದರು: ದಿನಾ ಮಂಡಿ ಮಡಿಸಬೇಕು, ನೋವೆಂದು ಬಿಟ್ಟರೆ ಕಾಲು ಸೆಟೆದು ಹಾಗೇ ನಿಲ್ಲುತ್ತದೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ, ಮತ್ತೆ ಮೆಷಿನ್ ತುಳಿಯಬಹುದಾ ಅಂತ. ಮಡಿಸಿದರೆ ತುಳಿಯಬಹುದು ಅಂದರಂತೆ.

ಅದೇ ವಾರ ಕಾಲೇಜಿನವರು ನನ್ನನ್ನು ತರಬೇತಿಗೆಂದು ಶಿಕಾರಿಪುರದ ಒಂದು ಆಸ್ಪತ್ರೆಗೆ ಹಾಕಿದ್ದರು. ಬೆಳಗಾದರೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು, ನಿಂತುಕೊಂಡೇ ತಿಂಡಿ. ಲಕ್ವ ಹೊಡೆದವರು, ಸೊಂಟ ಹಿಡಿದವರು, ಕುರಿಗಳ ಹಿಂದೆ ಅಲೆದು ಹಿಮ್ಮಡಿ ಊರಲಾಗದವರು... ಜೊತೆಗೆ ವಾರದ ಕೊನೆಗೆ ಕಾಲೇಜಿನ ಮೇಡಂ ಮುಂದೆ ಒಂದು ಕೇಸ್ ಒಪ್ಪಿಸಬೇಕು. ಸಂಜೆ ಬಸ್ಸಿಳಿದವಳು ಬ್ಯಾಗನ್ನು ಮನೆಯೊಳಗೆ ಎಸೆದು ನೇರ ಅಕ್ಕನ ಮನೆಗೆ ಓಡುತ್ತಿದ್ದೆ. ಕಾಲು ಸೋತಿರುತ್ತಿದ್ದವು, ಹಟ ಸೋತಿರಲಿಲ್ಲ.

ಆದರೆ ನನಗಿಂತ ಮೊದಲೇ ನೋಡಲು ಬಂದವರು ಅಲ್ಲಿ ಹಾಜರಿರುತ್ತಿದ್ದರು. ಬ್ರೆಡ್ಡು, ಬಿಸ್ಕತ್ತು, ಮೋಸಂಬಿ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ಅದು ದೊಡ್ಡ ಮಾತಾಗುತ್ತದೆ. ಹೋದಾಗ ಕಾಯಿಲೆಯವರು ಮಲಗಿರದಿದ್ದರೆ ಇನ್ನೂ ದೊಡ್ಡ ಮಾತು! ಅದಕ್ಕೇ ಗೇಟು ಕಿರ್ರೆಂದರೆ ಸಾಕು, ಅಕ್ಕನ ಅತ್ತೆ ಅವಳ ಕಾಲು ಚಾಚಿಸಿ ಹೊದಿಕೆ ಎಳೆದುಬಿಡುತ್ತಿದ್ದರು. "ನೋಡಾಕೆ ಬಂದೋರ ಮುಂದೆ ಕಸರತ್ತು ಮಾಡಿದ್ರೆ, ಇವಳಿಗೆ ಏನೂ ಆಗಿಲ್ಲ ಅಂತಾರೆ" ಎನ್ನುವುದು ಅವರ ವಾದ. ಬಂದವರು ಕಾಫಿ ಕುಡಿದು, ಯಾರಯಾರದೋ ಕಾಲು ಕತ್ತರಿಸಿದ ಕಥೆ ಹೇಳಿ, ಎದ್ದು ಹೋಗುವಷ್ಟರಲ್ಲಿ ಅಕ್ಕನಿಗೆ ನಿದ್ದೆ ಬಂದಿರುತ್ತಿತ್ತು.

ಒಂದು ಸಂಜೆ ಮಾತ್ರ, ಅದು ಯಾರ ಪುಣ್ಯವೋ, ನೋಡಲು ಯಾರೂ ಬಂದಿರಲಿಲ್ಲ. ಹಳೇ ಸೀರೆಯನ್ನು ಪಾದಕ್ಕೆ ಸುತ್ತಿ ಎಳೆದುಕೊಳ್ಳುವುದನ್ನು ಹೇಳಿಕೊಟ್ಟೆ. ಅಕ್ಕ ತುಟಿ ಕಚ್ಚಿಕೊಂಡು ಎಳೆದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಹಿಮ್ಮಡಿ ಜಾರಿ ಹತ್ತಿರ ಬಂತು, ಮಂಡಿ ಮೇಲೆದ್ದಿತು. "ಬಂತು ಕಣೆ! ಇನ್ನೊಂಚೂರು ಬಂದ್ರೆ ಮೆಷಿನ್ ತುಳಿತೀನಿ" ಎಂದು ನಕ್ಕಳು.

ಗೇಟು ಕಿರ್ರೆಂದಿತು. ಈಸೂರಿನ ಕಡೆಯ ನೆಂಟರು. ಅವರಲ್ಲಿ ಹಿರಿಯ ಹೆಂಗಸು ಬಾಗಿಲಲ್ಲೇ, "ಅಯ್ಯ, ಪಾಪ! ಬಿಡವ್ವ, ಅಕಿಗೆ ನೋವಾಗ್ತೈತಿ" ಎಂದು ನನ್ನ ಕೈ ಹಿಡಿದು ಎಳೆದರು. ಎಲ್ಲರೂ ಪಾಪ ಪಾಪ ಅಂದರು. ಅವತ್ತು ಅತ್ತೆ ಏನೂ ಮಾಡಬೇಕಾಗಲಿಲ್ಲ, ಅಕ್ಕನೇ ಕಾಲು ಚಾಚಿ ಹೊದಿಕೆ ಎಳೆದುಕೊಂಡಳು. "ಇವ್ರು ಹೋಗ್ಲಿ ಕಣೆ, ಆಮೇಲೆ ಮಾಡನ."

"ಈಗ ಮಡಿಸದಿದ್ರೆ ಆಮೇಲೆ ಮಡಿಯಲ್ಲ!" ಎಂದು ನಾನು ಕಿರುಚಿದೆ. ಆ ಹಿರಿಯ ಹೆಂಗಸು ನನ್ನ ಕೈಗೆ ಎರಡು ತೊಳೆ ಮೋಸಂಬಿ ಇಟ್ಟು, ತಿನ್ನು, ಸಿಟ್ಟು ಇಳಿಯುತ್ತೆ ಅಂದರು.

ಆ ವಾರ ಯಾರದೋ ಮಂಡಿಯ ಕೇಸನ್ನು ಚೆನ್ನಾಗಿ ಒಪ್ಪಿಸಿದೆ ಎಂದು ಮೇಡಂ ಹೊಗಳಿದರು. ಶಿಕಾರಿಪುರದ ಸರದಿ ಮುಗಿದು ನಾನು ಕಾಲೇಜಿಗೆ ವಾಪಸ್ ಹೋದೆ. ಫೋನ್ ಮಾಡಿದಾಗಲೆಲ್ಲ ಅಕ್ಕ "ಇವತ್ತೂ ಜನ ಕಣೆ" ಅನ್ನುತ್ತಿದ್ದಳು... ಪರೀಕ್ಷೆ ಮುಗಿಸಿ ಬರುವ ಹೊತ್ತಿಗೆ ಕಾಲು ಸೆಟೆದು ನಿಂತಿತ್ತು. ಇನ್ನೊಂದು ಆಪರೇಷನ್ ಬೇಡ ಎಂದು ಮನೆಯವರೇ ತೀರ್ಮಾನಿಸಿದ್ದರು. ಮೆಷಿನ್ನಿಗೆ ಮೋಟಾರು ಹಾಕಿಸಿ ನೋಡಿದರು, ಚಾಚಿದ ಕಾಲು ಮೆಷಿನ್ನಿನ ಕೆಳಗೆ ಹಿಡಿಸಲಿಲ್ಲ. ಅಕ್ಕ ಜಗಲಿಯಲ್ಲಿ ಕೂತು ಬೀದಿ ನೋಡುತ್ತಿದ್ದಳು. ನೋಡಲು ಬರುವವರು ಅಷ್ಟರಲ್ಲಿ ನಿಂತಿದ್ದರು. ಅವರಿಗೆ ಬೇರೆ ಮಂಚಗಳು ಸಿಕ್ಕಿರಬೇಕು.

ಹೋದ ವರ್ಷ ಅಕ್ಕ ಎದೆನೋವಿನಿಂದ ತೀರಿಕೊಂಡಳು. ಎಲ್ಲರೂ ಬಂದರು. ನಮ್ಮಲ್ಲಿ ಹೋದವರನ್ನು ಕಾಲು ಮಡಿಸಿ, ಕೂರಿಸಿ ಮಣ್ಣು ಮಾಡುತ್ತಾರೆ. ಎಡಗಾಲು ಮಡಿಯಿತು. ಬಲಗಾಲು ಮಡಿಯಲಿಲ್ಲ. ಇಬ್ಬರು ಗಂಡಸರು ಮಂಡಿಯ ಮೇಲೆ ಕೈಯಿಟ್ಟು, ಮೈಭಾರವೆಲ್ಲ ಹಾಕಿ ಒತ್ತಿದರು. ಈಸೂರಿನ ಆ ಹೆಂಗಸೂ ಅಲ್ಲೇ ನಿಂತಿದ್ದರು. ಆಗ ಮಾತ್ರ ಯಾರ ಬಾಯಲ್ಲೂ ಪಾಪ, ನೋವಾಗುತ್ತೆ ಎಂಬ ಮಾತು ಬರಲಿಲ್ಲ.

ಈಗ ನಾನು ಹಾಕುವುದು ರೆಡಿಮೇಡ್ ಏಪ್ರನ್. ತೋಳು ಉದ್ದ, ಹಿಡಿದು ಹೊಲಿದುಕೊಡುವವಳಿಲ್ಲ. ಮೊನ್ನೆ ಆ ತೋಳು ಮಡಚಿಕೊಂಡು, ಮೋಸಂಬಿ ಸಮೇತ ಎಲ್ಲರನ್ನೂ ವಾರ್ಡಿನಿಂದ ಹೊರಗೆ ಕಳಿಸಿದೆ. ಕರುಣೆಯೇ ಇಲ್ಲದವಳು ಎಂದು ಗೊಣಗಿಕೊಂಡು ಹೋದರು. ಹೊದಿಕೆ ಸರಿಸಿ ಮಂಚದ ಮೇಲಿದ್ದ ಹೆಂಗಸಿನ ಹಿಮ್ಮಡಿ ಹಿಡಿದೆ. "ಅಯ್ಯೋ, ನೋಯ್ತದ್ರೀ" ಅಂದರು.

"ನೋಯಲಿ ಅಮ್ಮ," ಅಂದೆ. "ಈಗಲೇ ನೋಯಲಿ."